ನಕ್ಷತ್ರ ಕತ್ತರಿಸಿದ ಮೇಲೆ ಉಳಿದದ್ದು

ರಾತ್ರಿ ಹನ್ನೊಂದರ ರೈಲಿಗೆ ಸೀಟುಗಳಿರಲಿಲ್ಲ.
ನಮಗಾಗಿಯೇ ಕಿತ್ತಿದ್ದರು, ಕೈಗಾಡಿ ನಿಲ್ಲಿಸಲು.
ಬ್ಯೂನಸ್ ಐರಿಸ್ಸಿನ ಬಾಗಿಲುಗಳಲ್ಲಿ
ಬೇಡವಾಗಿ ಬಿದ್ದ ರಟ್ಟನ್ನೆಲ್ಲ ಮಡಚಿ, ತುಳಿದು, ಹಗ್ಗ ಬಿಗಿದು
ಸುವಾರೆಸ್ ನಿಲ್ದಾಣದಲ್ಲಿ ಇಳಿಸುತ್ತಿದ್ದೆವು:
ಅಮ್ಮ ಮುಂದೆ, ನಾನು ಹಿಂದೆ,
ಗುಡ್ಡದ ನೆತ್ತಿಯಲ್ಲಿ ತಂಗಿ ಯಾನೀನಾ, ನಿದ್ದೆಯಲ್ಲಿ.

ಡಿಸೆಂಬರ್ ಅಲ್ಲಿ ಕಡುಬೇಸಿಗೆ.
ಡಾಂಬರು ಚಪ್ಪಲಿ ಹಿಡಿದುಕೊಂಡರೆ ಬಿಡುವುದಿಲ್ಲ.
ಅಂಗಡಿ ಗಾಜಿನೊಳಗೆ ಮಾತ್ರ ಹತ್ತಿಯ ಹಿಮ,
ಉಣ್ಣೆ ಟೊಪ್ಪಿಯ ಮುದುಕ ಬೆವರದೆ ನಗುತ್ತಾನೆ.
‘ಅವನಿಗೆ ಸೆಕೆ ಆಗೋದಿಲ್ವಾ?’
‘ಅವನು ರಟ್ಟು ಹೊರೋದಿಲ್ಲ’ ಅಂದಳು ಅಮ್ಮ.

ಇಪ್ಪತ್ತಮೂರಕ್ಕೆ ಒಸ್ವಾಲ್ದೊನ ತಕ್ಕಡಿಯ ಮುಂದೆ ಸಾಲು.
ದರ ಇಳಿದಿದೆ, ಅಂದ. ಹಬ್ಬಕ್ಕೆ ಎಲ್ಲರೂ ಪೆಟ್ಟಿಗೆ ಬಿಚ್ಚುತ್ತಾರೆ,
ರಟ್ಟು ಬೀದಿಪಾಲು, ಬೆಲೆ ಮಣ್ಣುಪಾಲು.
ಒದ್ದೆಯಿದೆ ಅಂತ ಇನ್ನೆರಡು ಕಿಲೋ ಮುರಿದುಕೊಂಡ.
ಅಮ್ಮ ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡೆ.
ಅವಳು ತಕ್ಕಡಿಯ ಮೇಲಿಂದ ಒಂದನ್ನು ಎಳೆದುಕೊಂಡಳು,
ಫ್ರಿಜ್ಜಿನ ಪೆಟ್ಟಿಗೆ, ನನಗಿಂತ ಎತ್ತರ, ಗೀರಿಲ್ಲದ್ದು.
‘ಇದು ಮಾರಾಟಕ್ಕಿಲ್ಲ.’
ಮುಳ್ಳು ಹಿಂದಕ್ಕೆ ಓಡಿತು. ಲೆಕ್ಕ ಹಾಕಿದೆ:
ಒಂದು ಬ್ರೆಡ್ಡು, ಅರ್ಧ ಲೀಟರ್ ಹಾಲು.
ಸಿಟ್ಟು ಬಂತು. ಹೇಳಲಿಲ್ಲ.

ಹಾಗೆ ನಮ್ಮನೆಗೆ ಹಬ್ಬ ಬಂತು, ಗಾಡಿಯ ಮೇಲೆ ಅಡ್ಡ ಮಲಗಿ.

ಮೀನು ಕೊಯ್ಯುವ ಚಾಕು, ಮೈದಾ ಬೇಯಿಸಿದ ಅಂಟು,
ಈರುಳ್ಳಿ ಚೀಲದಿಂದ ಬಿಚ್ಚಿದ ಕೆಂಪು ದಾರ.
ಮೊಟ್ಟೆತಟ್ಟೆಯ ಗುಂಡಿಗಳು ಗಂಟೆಗಳಾದವು,
ಸೋಡಾ ಬಾಟಲಿಯ ಮುಚ್ಚಳ ಅವಕ್ಕೆ ನಾಲಿಗೆ.
ರಟ್ಟಿನ ಮೇಲ್ಪದರ ಸುಲಿದರೆ ಒಳಗೆ ಅಲೆಅಲೆ,
ಅದೇ ಕೊಟ್ಟಿಗೆಗೆ ತಗಡಿನ ಮಾಡು,
ನಮ್ಮ ಓಣಿಯ ಮಾಡುಗಳ ಹಾಗೇ.
ದೇವದೂತನ ಎದೆಯ ಮೇಲೆ
ಬಿರುಕುಬಿಟ್ಟ ಗಾಜಿನ ಲೋಟದ ಗುರುತು ಉಳಿಯಿತು,
ಜೋಸೆಫನ ನಿಲುವಂಗಿಗೆ ಬಾರ್‌ಕೋಡಿನ ಪಟ್ಟೆ.
ನಾನು ನೋಡದೆ ಕತ್ತರಿಸಿ, ಮೂವರು ಅರಸರಲ್ಲಿ ಇಬ್ಬರ ಮೈಮೇಲೆ
‘ಈ ಕಡೆ ಮೇಲೆ’ ಎನ್ನುವ ಬಾಣ ನೆಲ ತೋರಿಸುತ್ತಿತ್ತು.
‘ಪಾಪ, ದಾರಿ ತಪ್ಪಿದ್ದಾರೆ. ಅದಕ್ಕೇ ಇವರು
ಜನವರಿ ಆರಕ್ಕೆ ಬರೋದು’ ಅಂದಳು ಯಾನೀನಾ.

ನಕ್ಷತ್ರವನ್ನು ಅಮ್ಮ ಯಾರಿಗೂ ಬಿಡಲಿಲ್ಲ.
ತುಟಿ ಕಚ್ಚಿ, ಅಳತೆಯಿಲ್ಲದೆ, ಒಂದೇ ಉಸಿರಿಗೆ
ಐದು ಮೂಲೆ. ಒಂದು ಮೂಲೆ ಗಿಡ್ಡ.
ದೊಡ್ಡ ಹಲಗೆಯ ನಡುವಿನಿಂದ ಅದು ಕಳಚಿ ಬಿದ್ದಾಗ
ಯಾನೀನಾ ತೂತಿಗೆ ಮುಖವಿಟ್ಟು ನಮ್ಮನ್ನು ನೋಡಿದಳು.

ಕೂಸನ್ನು ಮಾಡಲು ಮರೆತಿದ್ದೆವು.
ಇಪ್ಪತ್ತನಾಲ್ಕರ ನಡುರಾತ್ರಿ, ಓಣಿ ತುಂಬ ಪಟಾಕಿ,
ಕೊಟ್ಟಿಗೆ ಖಾಲಿ. ಅಮ್ಮ ಕಿಸೆ ತಡಕಿದಳು:
ರೈಲಿನ ಟಿಕೆಟ್ಟು. ಸುರುಳಿ ಸುತ್ತಿ, ದಾರ ಕಟ್ಟಿ, ಮಲಗಿಸಿದಳು.
ಕಿರುಬೆರಳಷ್ಟು ಉದ್ದ. ಪಟಾಕಿಗೆ ಬೆಚ್ಚಲಿಲ್ಲ.

ಜನವರಿ ಏಳಕ್ಕೆ ಎಲ್ಲವನ್ನೂ ಮಡಚಿ, ತುಳಿದು, ಹಗ್ಗ ಬಿಗಿದೆವು.
ಅಮ್ಮನಿಗೆ ಇದರಲ್ಲಿ ದುಃಖವೇನೂ ಕಾಣಲಿಲ್ಲ,
ಹಬ್ಬ ಮುಗಿದ ಮೇಲೆ ರಟ್ಟು ರಟ್ಟೇ.
ಅಂಟು ಹತ್ತಿದೆ ಅಂತ ಒಸ್ವಾಲ್ದೊ ಮತ್ತೆ ಮುರಿದುಕೊಂಡ,
ಆಮೇಲೆ ದೇವದೂತನನ್ನು ಎತ್ತಿ, ತಿರುಗಿಸಿ ನೋಡಿ,
ಗಲ್ಲಾಪೆಟ್ಟಿಗೆಗೆ ಒರಗಿಸಿಟ್ಟ.
ಅದರ ತೂಕಕ್ಕೂ ಕಾಸು ಕೊಟ್ಟ, ಅದನ್ನು ಹೇಳಲೇಬೇಕು.

ತೂತಿನ ಹಲಗೆಯನ್ನು ಮಾತ್ರ ಮಾರಲಿಲ್ಲ.
ಗಾಜಿಲ್ಲದ ಪಡುವಣ ಕಿಟಕಿಗೆ ಸರಿಯಾಗಿ ಕೂತಿತ್ತು, ಅಷ್ಟಕ್ಕೇ.
ಸಂಜೆ, ನಾವು ಗಾಡಿ ಎಳೆದು ಹೊರಡುವ ಮುನ್ನ,
ಬಿಸಿಲು ಆ ತೂತಿನಿಂದ ಮಣ್ಣುನೆಲಕ್ಕಿಳಿದು
ಒಂದು ಮೂಲೆ ಗಿಡ್ಡಾದ ನಕ್ಷತ್ರವಾಗಿ
ಒಲೆ ದಾಟಿ, ಅಮ್ಮನ ಚಪ್ಪಲಿ ದಾಟಿ,
ಗೋಡೆ ಹತ್ತಿ ಕೆಂಪಾಗುತ್ತಿತ್ತು.
ಯಾನೀನಾ ಅದನ್ನು ಮುಚ್ಚಿ ಹಿಡಿಯಲು ಹೋದಾಗೆಲ್ಲ
ಅದು ಅವಳ ಕೈಬೆನ್ನಿನ ಮೇಲೆ ಕೂತಿರುತ್ತಿತ್ತು.

ಮೇ ತಿಂಗಳ ಮಳೆಗೆ ಹಲಗೆ ಮೆತ್ತಗಾಗಿ, ಉಬ್ಬಿ, ಬಾಗಿತು.
ಒದ್ದೆ ರಟ್ಟು ಯಾರೂ ಕೊಳ್ಳುವುದಿಲ್ಲ.
ಒಣಗಿಸಿ ಒಲೆಗಿಟ್ಟಳು ಅಮ್ಮ. ಹಾಲು ಉಕ್ಕುವಷ್ಟು ಉರಿಯಿತು.
ಆಮೇಲೆ ಬರಿಗಿಟಕಿಯ ಅಳತೆ ತೆಗೆದಳು, ಮೊಳದಲ್ಲಿ:
‘ಒಂದೂವರೆ. ಟೀವಿ ಪೆಟ್ಟಿಗೆ ಸಿಕ್ಕರೂ ಸಾಕು.’
ಡಿಸೆಂಬರಿಗೆ ಇನ್ನೂ ಏಳು ತಿಂಗಳಿತ್ತು.